ಹಳದಿಯ ಕೆಳಗೆ, ನೀಲಿಯ ಮೇಲೆ

ಜೂನ್ ೬

ಹೂಳೆತ್ತುವ ದೋಣಿಯ ಎಂಜಿನ್ ಕೋಣೆಯನ್ನು ಅಲಂಕರಿಸಿರುವ ಶ್ರೀಮಾನ್ ಅಣ್ಣನವರ ಎಣ್ಣೆಪಾದಗಳಿಗೆ,

ತಂಗಿಯಾದವಳು ಮೂಗು ಮುಚ್ಚಿಕೊಂಡು ಮಾಡುವ ವಿಜ್ಞಾಪನೆ. ಫೋನ್ ಮಾಡಿದರೆ ತಾವು ‘ಹ್ಞೂಂ’ ಎಂಬ ಒಂದೇ ಮಂತ್ರ ಪಠಿಸಿ ಇಟ್ಟುಬಿಡುತ್ತೀರಾದ್ದರಿಂದ ಕಾಗದದ ಮೊರೆ ಹೋಗಿದ್ದೇನೆ. ಮೂಗು ಯಾಕೆ ಮುಚ್ಚಿದೆ ಎಂದು ತಾವು ಕೇಳಲಿಲ್ಲ. ಆದರೂ ಹೇಳುತ್ತೇನೆ: ಹಿತ್ತಲ ಶೆಡ್ಡಿನಿಂದ ಈಗಷ್ಟೇ ಬಂದೆ. ತಾವು-ನೀವು ಇಲ್ಲಿಗೆ ಸಾಕು, ಕೈ ನೋಯುತ್ತದೆ.

ನಮ್ಮ ಮೋಟಾರ್‌ಸೈಕಲ್ಲಿಗೆ ಸಾರಿಗೆ ಕಚೇರಿಯಿಂದ ನೋಟಿಸು ಬಂದಿದೆ. ಅದಕ್ಕೆ ವಯಸ್ಸಾಯಿತಂತೆ. ಸೆಪ್ಟೆಂಬರ್ ಮುಗಿಯುವುದರೊಳಗೆ ತಪಾಸಣೆಗೆ ಒಪ್ಪಿಸಬೇಕು. ಪಾಸಾದರೆ ಇನ್ನಷ್ಟು ವರ್ಷ ರಸ್ತೆಯ ಮೇಲೆ, ಇಲ್ಲವಾದರೆ ನಂಬರು ರದ್ದು, ದೇಹ ಗುಜರಿಗೆ. ಅಪ್ಪ ನೋಟಿಸನ್ನು ಎರಡು ಸಲ ಓದಿದರು, ಅದರಲ್ಲೇ ಬ್ರಷ್ ಒರೆಸಿದರು, “ಗುಜರಿಗೆ ಹಾಕಿ ಕೈ ತೊಳ್ಕೊಳ್ಳೋಣ,” ಅಂದರು. ಯಾವ ಅಪ್ಪ? ವರ್ಷಕ್ಕೊಮ್ಮೆ ಅಂಗಡಿ ಬೋರ್ಡುಗಳಿಗೆ ಬರೆದು ಉಳಿದ ಬಣ್ಣವನ್ನೆಲ್ಲ ಈ ಗಾಡಿಗೇ ಬಳಿಯುವ ಅಪ್ಪ. ನಮ್ಮ ಹುಟ್ಟಿದ ದಿನ ಮರೆತರೂ ಅದಕ್ಕೆ ಬಣ್ಣ ಹಚ್ಚುವ ದಿನ ಮರೆಯದ ಅಪ್ಪ. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ಕೈ ತಳ್ಳಿದರು.

ನನಗೆ ಗಾಡಿ ಬೇಕು. ಅಪ್ಪನ ಮೊಣಕಾಲು ಮಡಚದಾದ ಮೇಲೆ ಊರಿನ ಬೋರ್ಡುಗಳಿಗೆಲ್ಲ ಏಣಿ ಹೊತ್ತು ನಡೆಯುವವಳು ನಾನು. ಮೊನ್ನೆ ಏಣಿಯ ಜೊತೆ ಬಸ್ಸು ಹತ್ತಿದೆ. ಕಂಡಕ್ಟರು “ಇದಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿನಾ?” ಅಂದ. “ಇನ್ನೂ ಎರಡು ವರ್ಷದ್ದು, ತೊಡೆ ಮೇಲೆ ಕೂರಿಸ್ಕೊಳ್ತೀನಿ,” ಅಂದೆ. ಇಬ್ಬರನ್ನೂ ಇಳಿಸಿದ.

ನೀನು ಗಿರಣಿಯ ಇಳಿಜಾರಿನಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬಿದ್ದ ಮೇಲೆ ಆ ಗಾಡಿಯನ್ನು ಯಾರೂ ಓಡಿಸಿಲ್ಲ. ಓಡಿಸಲು ಅಪ್ಪ ಬಿಟ್ಟಿಲ್ಲ. ‘ಹ್ಯಾಂಡಲ್ ತಾನಾಗೇ ಹೋಯ್ತು’ ಎಂದು ನೀನು ಹೇಳಿದ್ದು, ‘ಕಣ್ಣು ಎಲ್ಲಿಟ್ಟಿದ್ದೆ’ ಎಂದು ಅವರು ಕೇಳಿದ್ದು, ಇನ್ನು ಈ ಜನ್ಮದಲ್ಲಿ ಇವನ ಹಿಂದೆ ಕೂರುವುದಿಲ್ಲ ಎಂದು ಆಸ್ಪತ್ರೆಯ ಮಂಚದ ಮೇಲೆ ಪ್ರತಿಜ್ಞೆ ಮಾಡಿದ್ದು, ನೀನು ಚೀಲ ತುಂಬಿಕೊಂಡು ಹೋದದ್ದು, ಎಲ್ಲ ಈಗ ಮನೆಯ ಇತಿಹಾಸ. ಲೋಟ ಒಡೆದರೂ ‘ತಾನಾಗೇ ಹೋಯ್ತು’ ಎನ್ನುವುದು ಮನೆಯ ರೂಢಿ. ರೂಢಿಯ ಸ್ಥಾಪಕಿ ನಾನೇ. ಅಮ್ಮ ಮಾತ್ರ ನಗುವುದಿಲ್ಲ.

ಎಂಜಿನ್ ಬಲ್ಲವನು ನೀನೊಬ್ಬನೇ. ಏನು ಬಿಚ್ಚಬೇಕು, ಏನು ತೊಳೆಯಬೇಕು, ಎಲ್ಲ ಬರೆ. ಶೆಡ್ಡಿನ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸೋಣವೆಂದುಕೊಂಡೆ. ಅಂಚೆಯವನಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಬಿಟ್ಟೆ.

ಇತಿ, ಏಣಿಗೆ ಹೆಗಲು ಕೊಟ್ಟ,
ತಿಗಣೆ

•

ಜೂನ್ ೧೯

ತಿಗಣೆ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಓದಿದೆ. ಮುಂದಿನದನ್ನು ಬೇರೆ ಹೊತ್ತಿಗೆ ಓದುತ್ತೇನೆ.

ಮೊದಲು ಟ್ಯಾಂಕ್ ಖಾಲಿ ಮಾಡು. ಹಳೇ ಪೆಟ್ರೋಲ್ ಕೆಟ್ಟಿರುತ್ತದೆ, ಹತ್ತಿರ ಬೆಂಕಿ ಬೇಡ. ಆಮೇಲೆ ಕಾರ್ಬುರೇಟರ್ ಬಿಚ್ಚಿ ತೊಳೆ. ಏರ್ ಫಿಲ್ಟರ್ ನೋಡು, ಒಳಗೆ ಯಾರಾದರೂ ವಾಸವಾಗಿರಬಹುದು. ಬ್ರೇಕಿನ ಲೈನರ್ ಎರಡೂ ಹೊಸದು ಹಾಕಿಸು, ಈ ವಿಷಯದಲ್ಲಿ ನಿನ್ನ ತಮಾಷೆ ಬೇಡ. ಟೈರು ಬೆರಳಿನಿಂದ ಮಡಚಿ ನೋಡು, ಬಿರಿದಿದ್ದರೆ ಬಿಸಾಕು. ಹೆಡ್‌ಲೈಟ್, ಹಿಂದಿನ ದೀಪ, ಹಾರ್ನ್, ಕನ್ನಡಿ, ಇಷ್ಟನ್ನೂ ಕೇಳುತ್ತಾರೆ.

ಮುಖ್ಯವಾದದ್ದು ಚಾಸಿ ನಂಬರು. ಹ್ಯಾಂಡಲಿನ ಕೆಳಗೆ, ಕುತ್ತಿಗೆಯ ಬಲಗಡೆ, ಕಬ್ಬಿಣದಲ್ಲೇ ಒತ್ತಿರುತ್ತದೆ. ಇನ್ಸ್‌ಪೆಕ್ಟರು ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ನಮ್ಮ ಗಾಡಿಯಲ್ಲಿ ಅದು ಬಣ್ಣದ ಅಡಿಯಲ್ಲಿ ಹೂತುಹೋಗಿದೆ. ಕುತ್ತಿಗೆ ಪೂರ್ತಿ ಕೆರೆ. ಕಬ್ಬಿಣ ಕಾಣುವವರೆಗೆ ನಿಲ್ಲಿಸಬೇಡ.

ಅಪ್ಪನ ಪ್ರತಿಜ್ಞೆ ಗಿತಿಜ್ಞೆ ನನಗೆ ಬರೆಯಬೇಡ. ಮೊಣಕಾಲು ಹೇಗಿದೆ ಅಷ್ಟು ಬರೆ.

ಅಣ್ಣ

•

ಜುಲೈ ೧೫

ದೂರದಿಂದಲೇ ದುರಸ್ತಿ ಮಾಡುವ ಮಹಾನುಭಾವರಿಗೆ,

ಆಜ್ಞೆಯಾದ ಸಕಲ ಹೇಸಿಗೆಗಳನ್ನೂ ಪೂರೈಸಲಾಗಿದೆ. ಇದನ್ನು ಊಟಕ್ಕೆ ಮುಂಚೆ ಓದಬೇಡ, ಊಟವಾದ ಮೇಲಂತೂ ಬೇಡವೇ ಬೇಡ.

ಟ್ಯಾಂಕಿನಿಂದ ಇಳಿದದ್ದು ಪೆಟ್ರೋಲೆಂದು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಕೆಮ್ಮಿನ ಔಷಧಿಯ ಬಣ್ಣ, ಕೊಳೆತ ಈರುಳ್ಳಿಗೆ ವಾರ್ನಿಷ್ ಹಚ್ಚಿದಂಥ ವಾಸನೆ. ಕಾರ್ಬುರೇಟರಿನೊಳಗೆ ನೆಗಡಿಯಾದ ಮೂಗಿನಲ್ಲಿರುವಂಥದೇ ಹಸಿರು ಲೋಳೆ. ಅದನ್ನು ಬೆರಳಿನಿಂದ ತೆಗೆದೆ. ಆ ಬೆರಳನ್ನು ಇನ್ನೂ ನನ್ನದೆಂದು ಒಪ್ಪಿಕೊಂಡಿಲ್ಲ. ಫಿಲ್ಟರಿನಲ್ಲಿ ಇಲಿಯ ಸಂಸಾರ ಇತ್ತು: ಅಪ್ಪನ ಹಳೇ ಬನಿಯನ್ನಿನ ಚೂರುಗಳ ಹಾಸಿಗೆ, ಅದರ ಮೇಲೆ ಒಣಗಿ ಚಕ್ಕೆಯಾದ ಒಂದು ಮರಿ. ಹೆಡ್‌ಲೈಟಿನ ಗಾಜಿನೊಳಗೆ ಜಿರಳೆಯೊಂದು ಅಂಗಾತ ಮಲಗಿ ಕೈಮುಗಿದಿತ್ತು. ಸೀಟು ಒತ್ತಿದರೆ ಹಳದಿ ನೀರು ಬಂತು. ಅದು ಯಾವ ಪ್ರಾಣಿಯ ಕೊಡುಗೆ ಎಂದು ನಾನು ಯೋಚಿಸಿಲ್ಲ, ನೀನೂ ಯೋಚಿಸಬೇಡ.

ಶೆಡ್ಡಿನ ಮುಂದೆ ಅಪ್ಪನ ಹಲಗೆಯೊಂದರ ಮೇಲೆ ದುಂಡಗಿನ ಅಕ್ಷರದಲ್ಲಿ ‘ಒಳಗೆ ಶವಪರೀಕ್ಷೆ ನಡೆಯುತ್ತಿದೆ. ಬಂಧುಗಳಿಗೆ ಮಾತ್ರ ಪ್ರವೇಶ’ ಎಂದು ಬರೆದು ನಿಲ್ಲಿಸಿದ್ದೆ. ಪಕ್ಕದ ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ಬಂದು, “ಯಾರು ಹೋದ್ರು?” ಅಂತ ಅಮ್ಮನನ್ನು ಕೇಳಿದರು.

“ಇನ್ನೂ ಯಾರೂ ಹೋಗಿಲ್ಲ,” ಅಂದಳು ಅಮ್ಮ. “ಇವಳು ಇವತ್ತು ನನ್ನ ಕೈಲಿ ಹೋಗ್ತಾಳೆ.”

ಆದರೂ ಗಾಡಿ ಬದುಕಿದೆ. ಹೊಸ ಪೆಟ್ರೋಲ್ ಕುಡಿದು, ಕಪ್ಪಗೆ ಒಂದು ಸಲ ಕಾರಿಕೊಂಡು, ಸ್ಟಾರ್ಟ್ ಆಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಅಪ್ಪ ಒಳಗಿಂದ ಬರಲಿಲ್ಲ.

ಇನ್ನು ನಂಬರಿನ ವಿಷಯ. ಕೈ ಪಳಗಲೆಂದು ಮೊದಲು ಮಡ್‌ಗಾರ್ಡ್ ಕೆರೆದೆ. ಅಣ್ಣ, ಅದು ಗಾಡಿ ಅಲ್ಲ, ಊರಿನ ಬೋರ್ಡುಗಳ ಸ್ಮಶಾನ. ಎಲ್ಲಕ್ಕಿಂತ ಮೇಲೆ ಗೋದಾಮಿನ ಬೂದು, ಅದು ಬಿದ್ದಾದ ಮೇಲೆ ಬಳಿದದ್ದು. ಅದರ ಕೆಳಗೆ ಕ್ಷೌರದಂಗಡಿಯ ನೀಲಿ, ಅದು ನೀನು ಬಿದ್ದ ವರ್ಷದ್ದು. ಅದರ ಕೆಳಗೆ ಶಾಲೆಯ ಹಳದಿ. ಅದಕ್ಕೂ ಕೆಳಗೆ ಔಷಧಿ ಅಂಗಡಿಯ ಹಸಿರು. ವರ್ಷಕ್ಕೊಂದು ಪದರ, ನಡುನಡುವೆ ಪುಟ್ಟಿ. ಅಪ್ಪನ ವೈದ್ಯದಲ್ಲಿ ಇರುವುದು ಒಂದೇ ಔಷಧಿ ತಾನೇ? ಹಲಗೆ ಬಿರಿದರೆ ಪುಟ್ಟಿ, ಗೋಡೆ ಬಿರಿದರೆ ಪುಟ್ಟಿ, ಅಮ್ಮನ ಬಕೆಟ್ ಸೋರಿದರೂ ಪುಟ್ಟಿ.

ಕುತ್ತಿಗೆ ಕೆರೆಯುತ್ತೇನೆ ಅಂದಕೂಡಲೇ ಅಪ್ಪ ಎದ್ದು ಬಂದರು.

“ನಂಬರ್ ತಾನೇ? ನಾನೇ ಬರ್ಕೊಡ್ತೀನಿ. ನೆರಳು ಕೊಟ್ಟು, ಒತ್ತಿದ ಹಾಗೇ ಕಾಣೋ ಥರ.”

“ಅಪ್ಪಾ, ಪೆನ್ಸಿಲ್ ಉಜ್ಜಿದ್ರೆ ನೆರಳು ಅಚ್ಚಿಗೆ ಬರಲ್ಲ.”

“ಯಾವ ಇನ್ಸ್‌ಪೆಕ್ಟರು ಅಷ್ಟೆಲ್ಲ ಉಜ್ತಾನೆ ಬಿಡು.”

ಮರುದಿನ ಥಿನ್ನರ್ ಡಬ್ಬಿ ನಾಪತ್ತೆ. ಅದರ ಮರುದಿನ ಕೆರೆಯುವ ಪಟ್ಟಿ ನಾಪತ್ತೆ, ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಮನೆಯಲ್ಲಿ ತುಂಟತನದ ಗುತ್ತಿಗೆ ನನ್ನದು. ಈ ವಯಸ್ಸಿನಲ್ಲಿ ಅಪ್ಪ ಪೈಪೋಟಿಗೆ ಇಳಿದದ್ದು ಯಾಕೋ ತಿಳಿಯುತ್ತಿಲ್ಲ.

ಮೊಣಕಾಲು ಮೆಟ್ಟಿಲು ಇಳಿಯುವಾಗ ನೋಯುತ್ತದೆ, ಹತ್ತುವಾಗ ಇಲ್ಲ. ಹಾಗೆಂದು ಅವರೇ ಹೇಳುತ್ತಾರೆ. ಯಾರು ಕೇಳುತ್ತಿರುವುದೆಂದು ಅವರು ವಿಚಾರಿಸಲಿಲ್ಲ.

ಇತಿ, ಒಂದು ಬೆರಳು ಕಡಿಮೆ ಇರುವ,
ತಿಗಣೆ

•

ಆಗಸ್ಟ್ ೩

ಅಣ್ಣ,

ಇವತ್ತು ಬಿರುದುಗಳಿಲ್ಲ. ಅಪ್ಪನಿಗೆ ಬಹುವಚನ ಬರೆಯಲು ಕೈ ಬರುತ್ತಿಲ್ಲ, ಅದೂ ಇಲ್ಲ.

ಕುತ್ತಿಗೆ ಕೆರೆದೆ. ಬೂದು ಹೋಯಿತು. ಕೆಳಗೆ ನೀಲಿ ಬರಬೇಕಿತ್ತು, ಪುಟ್ಟಿ ಬಂತು. ಹೆಬ್ಬೆರಳಿನಷ್ಟು ದಪ್ಪ. ಅದನ್ನು ಎಬ್ಬಿಸಿದರೆ ನೀಲಿ ಸಿಕ್ಕಿತು, ಆದರೆ ನಡುವೆ ಸೀಳಿದ ನೀಲಿ. ಅದರ ಕೆಳಗಿನ ಹಳದಿಯೂ ಅದೇ ಗೆರೆಯಲ್ಲಿ ಸೀಳಿತ್ತು. ಹಳದಿಯ ಕೆಳಗೆ ಮತ್ತೆ ಪುಟ್ಟಿ, ತೆಳುವಾದದ್ದು, ಹಳೆಯದು, ಹಸಿರನ್ನೆಲ್ಲ ಕೆರೆದು ಹಾಕಿದ್ದು. ಅದರ ಕೆಳಗೆ ಕಬ್ಬಿಣ. ಕಬ್ಬಿಣದಲ್ಲಿ ಬಿರುಕು. ನನ್ನ ಉಗುರು ಒಳಗೆ ಹೋಯಿತು.

ನೀನು ಬಿದ್ದದ್ದು ನೀಲಿ ಗಾಡಿಯಲ್ಲಿ. ಬಿರುಕು ಹಳದಿಗಿಂತ ಹಳೆಯದು. ನೀನು ಅಂದು ಹ್ಯಾಂಡಲ್ ಮುಟ್ಟುವ ಮೊದಲೇ ಅದರ ಕುತ್ತಿಗೆ ಮುರಿಯಲು ಶುರುವಾಗಿತ್ತು. ನೀಲಿಯ ಮೇಲಿನ ಪುಟ್ಟಿ ನೀನು ಬಿದ್ದ ಮೇಲೆ ಹಾಕಿದ್ದು. ಅಂದರೆ ಬಿದ್ದ ಮೇಲೆ ಅವನು ಬಿರುಕನ್ನು ನೋಡಿದ್ದಾನೆ. ನೋಡಿ, ತುಂಬಿ, ನುಣ್ಣಗೆ ಉಜ್ಜಿ, ಬೂದು ಬಳಿದಿದ್ದಾನೆ. ಕೈ ಎಷ್ಟು ಅಚ್ಚುಕಟ್ಟು ಅಂತೀಯ, ಒಂದು ಗುಳ್ಳೆಯಿಲ್ಲ.

ಒಂದು ಚಕ್ಕೆ ಇಡಿಯಾಗಿ ಎದ್ದು ಬಂದಿತ್ತು, ಅಡ್ಡಲಾಗಿ ಹಿಡಿದರೆ ಎಲ್ಲ ಪದರವೂ ಕಾಣುವ ಹಾಗೆ. ಅದನ್ನು ಅವನ ಚಹಾದ ತಟ್ಟೆಯಲ್ಲಿ, ಲೋಟದ ಪಕ್ಕ ಇಟ್ಟೆ. ಬೆಳಕಿಗೆ ಹಿಡಿದು ನೋಡಿದ. “ಈ ಹಳದಿ ಶಾಲೇದು,” ಅಂದ. ಆಮೇಲೆ ಚಹಾ ಕುಡಿದ. ಪೂರ್ತಿ ಕುಡಿದ, ಅಣ್ಣ. ಲೋಟ ತೊಳೆದಿಟ್ಟ. ಚಕ್ಕೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ಗೊತ್ತಿತ್ತಾ?” ಅಂದೆ.

“ಮೊದಲು ಕೂದಲೆಳೆಯಷ್ಟಿತ್ತು. ಹಲಗೆಗೆ ತುಂಬೋ ಹಾಗೆ ತುಂಬಿದೆ. ಕಬ್ಬಿಣ ಬೇರೆ ಅಂತ ಹೊಳೀಲಿಲ್ಲ.”

“ಎರಡನೇ ಸಲ?”

ಬ್ರಷ್ ತೊಳೆಯಲು ಹೋದ. ತೊಳೆದ ಬ್ರಷ್ಷನ್ನೇ ತೊಳೆದ.

ಇಲಿಯ ಮರಿ, ಲೋಳೆ, ಸೀಟಿನ ನೀರು, ಎಲ್ಲವನ್ನೂ ಈ ಕೈಯಲ್ಲೇ ಬಳಿದು ಹಾಕಿದ್ದೇನೆ. ಅವನು ಮುಟ್ಟಿದ ತಟ್ಟೆಯನ್ನು ಮುಟ್ಟಲು ಹೇಸಿಗೆಯಾಗುತ್ತದೆ. ಅಮ್ಮ ಎಲ್ಲ ಕೇಳಿಸಿಕೊಂಡು, “ಅದಕ್ಕೇ ಗುಜರಿ ಅಂದಿದ್ದು,” ಅಂದಳು. ಅಷ್ಟೇ. ಅಂದಿನಿಂದ ಅವನ ಊಟವನ್ನು ಮುಚ್ಚಿಟ್ಟು ಹೋಗುತ್ತಾಳೆ, ಎದುರು ಕೂರುವುದಿಲ್ಲ.

‘ತಾನಾಗೇ ಹೋಯ್ತು’ ಎಂಬ ರೂಢಿಯನ್ನು ಮನೆಯಲ್ಲಿ ನಿಲ್ಲಿಸಲಾಗಿದೆ.

ಗಾಡಿಯನ್ನು ಏನು ಮಾಡಲಿ, ಹೇಳು.

ತಂಗಿ

•

ಆಗಸ್ಟ್ ೨೧

ಅಣ್ಣ,

‘ಹ್ಞೂಂ’ ಅಂತಾದರೂ ಬರೆ.

ತಂಗಿ

•

ಆಗಸ್ಟ್ ೩೦

ತಿಗಣೆ,

ಬರೆದು ಹರಿದೆ, ಮತ್ತೆ ಬರೆದು ಹರಿದೆ. ಇಲ್ಲಿ ಹೂಳು ಮೇಲೆ ಬಂದಾಗ ಸತ್ತ ಮೀನು, ಕೊಳೆತ ಹಗ್ಗ, ಏನೇನೋ ಬರುತ್ತವೆ. ಹೊಸಬರು ವಾಂತಿ ಮಾಡುತ್ತಾರೆ, ನನಗೆ ಎಂದೂ ಆಗಿರಲಿಲ್ಲ. ನಿನ್ನ ಕಾಗದ ಓದಿದ ದಿನ ಆಯಿತು.

ಅವನು ಸುಳ್ಳು ಹೇಳಿದ್ದು ಒಂದು ಕಡೆ ಇರಲಿ. ನಾನು ನಂಬಿಬಿಟ್ಟೆನಲ್ಲ. ಹ್ಯಾಂಡಲ್ ತಾನಾಗೇ ಹೋಯಿತು ಎಂದು ಹೇಳಿದವನು ನಾನೇ, ಕೈಯಲ್ಲಿ ಹಿಡಿದಿದ್ದವನೂ ನಾನೇ. ಆದರೆ ಎಲ್ಲರೂ ನಕ್ಕ ಮೇಲೆ, ಎಲ್ಲೋ ನೋಡುತ್ತಿದ್ದೆನೇನೋ ಎಂದು ನನಗೇ ಅನಿಸತೊಡಗಿತು. ಏನು ನೋಡುತ್ತಿದ್ದೆ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಗಿರಣಿಯ ಗೋಡೆಯಾ, ಎದುರು ಬಂದ ಸೈಕಲ್ಲಾ. ಇಲ್ಲಿ ದೋಣಿ ನಡೆಸುವುದನ್ನು ಕಲಿ ಎಂದು ದೋಣಿಯ ಯಜಮಾನರು ಹೇಳುತ್ತಲೇ ಇದ್ದಾರೆ, ಒಲ್ಲೆ ಎಂದಿದ್ದೇನೆ. ಎಂಜಿನ್ ಕೋಣೆಗೆ ಕಿಟಕಿ ಇಲ್ಲ, ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಬೇಕಾಗಿಲ್ಲ. ಅದಕ್ಕೇ ಆ ಕೆಲಸ ಹಿಡಿದದ್ದು.

ಗಾಡಿ ಗುಜರಿಗೆ ಬೇಡ. ಚೌಕಟ್ಟು ಬೆಸೆದು ಗೊತ್ತಿರುವ ವೆಲ್ಡರ್ ಹತ್ತಿರ ಒಯ್ಯಿ, ಗೇಟು ಕಿಟಕಿ ಮಾಡುವವನ ಹತ್ತಿರ ಅಲ್ಲ. ಎರಡೂ ಕಡೆ ಪಟ್ಟಿ ಕೊಟ್ಟು ಬೆಸೆಯಲಿ. ಅದರ ಮೇಲೆ ಪುಟ್ಟಿ ಬೇಡ, ಬಣ್ಣ ಬೇಡ. ಬೆಸುಗೆ ಕಾಣಬೇಕು.

ಅವನಿಗೆ ನನ್ನಿಂದ ಏನೂ ಹೇಳಬೇಡ. ಮೊಣಕಾಲಿನ ವಿಷಯವೂ ಇನ್ನು ಬರೆಯುವುದು ಬೇಡ.

ಅಣ್ಣ

•

ಸೆಪ್ಟೆಂಬರ್ ೨೪

ಅಣ್ಣ,

ಇಂದು ತಪಾಸಣೆ ನಡೆಯಿತು. ಬಹುವಚನವನ್ನು ಇನ್ನೂ ವಾಪಸು ಕೊಟ್ಟಿಲ್ಲ, ಹಾಗೇ ಓದಿಕೋ.

ವೆಲ್ಡರ್ ನೀನು ಹೇಳಿದ ಹಾಗೇ ಮಾಡಿದ. ಗಾಡಿಯ ಕುತ್ತಿಗೆಯ ಸುತ್ತ ಈಗ ಕಂಬಳಿಹುಳ ಸುತ್ತಿಕೊಂಡ ಹಾಗೆ ಬೆಸುಗೆ ಇದೆ. ಉಳಿದ ಮೈ ಬೂದು, ಅಲ್ಲಲ್ಲಿ ಕೆರೆದ ನೀಲಿ ಹಳದಿ ಮಚ್ಚೆಗಳು. ಚರ್ಮರೋಗದ ಆಸ್ಪತ್ರೆಯಿಂದ ನೇರ ತಪಾಸಣೆಗೆ ಬಂದಂತಿತ್ತು. ಅಪ್ಪ ಕೇಳದೆ ಕರೆಯದೆ ಹೊರಟು ನಿಂತಿದ್ದ. ಹಿಂದೆ ಕೂರು ಎಂದು ನಾನೂ ಅನ್ನಲಿಲ್ಲ. ಬಸ್ಸಿನಲ್ಲಿ ಬಂದ.

ತಪಾಸಣೆಯ ಅಂಗಳ ನೋಡಬೇಕಿತ್ತು. ನೆಲದ ತುಂಬ ಎಣ್ಣೆ, ಎಣ್ಣೆಯ ಮೇಲೆ ಮರದ ಪುಡಿ, ಪುಡಿಯ ಮೇಲೆ ಉಗುಳು. ಮದುವೆ ಹೆಣ್ಣಿನಂತೆ ಮಿಂಚುವ ಗಾಡಿಗಳ ಸಾಲು. ನಿನ್ನೆಯವರೆಗೆ ಕೆಸರಲ್ಲಿದ್ದವಕ್ಕೆಲ್ಲ ಇಂದು ಹೊಸ ಬಣ್ಣ, ಒಣಗಿಯೂ ಇಲ್ಲ. ಇನ್ಸ್‌ಪೆಕ್ಟರು ನೆಗಡಿಯಾದ ದಪ್ಪ ಮನುಷ್ಯ, ಒಂದೇ ಕರವಸ್ತ್ರದಲ್ಲಿ ಮೂಗನ್ನೂ ಗಾಡಿಯ ಕನ್ನಡಿಯನ್ನೂ ಒರೆಸುತ್ತಿದ್ದರು.

ಬ್ರೇಕು ಪಾಸು. ಟೈರು, ದೀಪ ಪಾಸು. ನಂಬರಿನ ಅಚ್ಚು ಒಂದೇ ಉಜ್ಜಿಗೆ ಬಂತು. ಬೆಸುಗೆಯ ಮೇಲೆ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಅದೂ ಪಾಸು.

“ಇದಕ್ಕೆ ಬಣ್ಣ ಯಾಕಮ್ಮ ಹಚ್ಚಿಲ್ಲ?”

“ಕಾಣ್ಲಿ ಅಂತ,” ಅಂದೆ.

ಅಪ್ಪ ಬೂಟು ನೋಡಿಕೊಳ್ಳುತ್ತಿದ್ದ.

ಕೊನೆಗೆ ಹಾರ್ನ್. ಇನ್ಸ್‌ಪೆಕ್ಟರು ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಅಪ್ಪ ಕುಂಟಿಕೊಂಡು ಮುಂದೆ ಬಂದು ತಾನೂ ಒತ್ತಿದ. “ಮನೆ ಬಿಡುವಾಗ ಸರಿ ಇತ್ತು ಸಾರ್. ಯಾರೂ ಮುಟ್ಟಿಲ್ಲ. ತಾನಾಗೇ ಹೋಯ್ತು.”

ಇನ್ಸ್‌ಪೆಕ್ಟರು ಸೀನಿದರು. “ಹೋಗತ್ತೆ ಬಿಡಿ, ಹಳೇ ಗಾಡಿ,” ಅಂದರು. “ಎರಡು ವಾರದೊಳಗೆ ಸರಿ ಮಾಡಿಸ್ಕೊಂಡು ಬನ್ನಿ, ಹಾರ್ನ್ ಒಂದೇ ನೋಡ್ತೀನಿ.”

ಎಷ್ಟು ಸಲೀಸು ನೋಡು. ಎಂದೂ ಮುಖ ನೋಡದ ಮನುಷ್ಯ ಒಂದೇ ಮಾತಿಗೆ ನಂಬಿದ.

ಅಪ್ಪನಿಗೂ ಅದು ಕೇಳಿಸಿತು. ತಾನು ಏನಂದೆ ಎಂದು ಆಗ ಗೊತ್ತಾಯಿತು. ಹಾರ್ನಿನ ಗುಂಡಿಯ ಮೇಲೆ ಇಟ್ಟ ಬೆರಳು ಹಾಗೇ ಇತ್ತು, ತೆಗೆಯಲು ಮರೆತವನ ಹಾಗೆ. ನಾನು ನಗದೆ ಅವನನ್ನೇ ನೋಡಿದೆ. ಹಿಂದಿನವನು “ಗಾಡಿ ತೆಗೀರಿ ಯಜಮಾನ್ರೇ,” ಅಂತ ಕೂಗುವವರೆಗೂ ನೋಡಿದೆ.

ಬಸ್ಸು ಹತ್ತಲಿಲ್ಲ. ನನ್ನ ಪಕ್ಕ ನಡೆದ, ನಾನು ಗಾಡಿ ತಳ್ಳಿಕೊಂಡು ಬಂದೆ. ಗಿರಣಿಯ ಇಳಿಜಾರಿನ ಮೇಲೆ ನಿಂತು ಕಾಲು ನೀವಿಕೊಂಡ. “ಅವನ ವಿಳಾಸ ಬರ್ಕೊಡು,” ಅಂದ. ಬರೆದುಕೊಟ್ಟಿದ್ದೇನೆ. ಆ ವಿಳಾಸಕ್ಕೆ ಏನು ಬಂದರೂ ಅದು ನಿನ್ನ ಪಾಡು. ನನಗಿನ್ನೂ ಅವನ ತಟ್ಟೆ ಮುಟ್ಟಲಾಗುತ್ತಿಲ್ಲ.

ಇತಿ,
ತಿಗಣೆ

ತಾ.ಕ.: ಹಾರ್ನಿನ ತಂತಿ ನನ್ನ ಜೇಬಿನಲ್ಲಿದೆ. ಕೊನೆಯ ಗಳಿಗೆಯಲ್ಲಿ ಕಿತ್ತುಕೊಂಡೆ. ಅವನ ಬಾಯಲ್ಲಿ ಏನು ಬರುತ್ತದೆ, ಕೇಳಬೇಕಿತ್ತು.

•

ಸೆಪ್ಟೆಂಬರ್ ೨೭

ಮಗನಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಬೋರ್ಡಿನ ಹಾಗೆ ಬರೆಯುತ್ತೇನೆ.

ಪುಟ್ಟಿ ಹಾಕಿದವನು ನಾನು. ಎರಡು ಸಲವೂ ನಾನೇ.

ಮೊದಲನೆಯದು ತಿಳಿಯದೆ. ಎರಡನೆಯದು ತಿಳಿದೇ.

ಹ್ಯಾಂಡಲ್ ತಾನಾಗೇ ಹೋದದ್ದು.

ಹಾರ್ನ್ ಇಲ್ಲಿ ಯಾರಿಗೂ ಸರಿ ಮಾಡಲು ಬರುತ್ತಿಲ್ಲ. ಮರುತಪಾಸಣೆಗೆ ಅಕ್ಟೋಬರ್ ಎಂಟರವರೆಗೆ ಸಮಯ ಇದೆ. ನೀನು ಓಡಿಸುವುದಾದರೆ ನಾನು ಹಿಂದೆ ಕೂರುತ್ತೇನೆ. ಗಿರಣಿಯ ಇಳಿಜಾರಿನಲ್ಲೇ ಹೋಗೋಣ.

ಅಪ್ಪ

(ಅಣ್ಣ, ಲಕೋಟೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು, ಓದಿದ್ದೇನೆ. ಮೇಲೆ ಕೆಳಗೆ ಪೆನ್ಸಿಲ್ ಗೆರೆ ಎಳೆದು ಅಳತೆ ಮಾಡಿ ಬರೆದಿದ್ದಾರೆ. ‘ತಿಳಿದೇ’ ಎಂಬಲ್ಲಿ ಶಾಯಿ ಹರಡಿದೆ. ಮೇಲೆ ಬಿಳಿ ಬಣ್ಣ ಹಚ್ಚಿ ಮತ್ತೆ ಬರೆಯುತ್ತೇನೆ ಅಂದರು. ಕಾಗದ ಕಿತ್ತುಕೊಂಡೆ. —ತಿ.)

•

ಅಕ್ಟೋಬರ್ ೨

ತಿಗಣೆ,

ತಂತಿ ಜೋಪಾನ. ನೀನು ಹಾಕಬೇಡ, ನಾನು ಬಂದು ಹಾಕುತ್ತೇನೆ.

ಐದನೇ ತಾರೀಕು ಬರುತ್ತೇನೆ. ಬರುತ್ತಿರುವುದು ಹಾರ್ನಿಗಾಗಿ, ಬೇರೆ ಯಾವುದಕ್ಕೂ ಅಲ್ಲ ಎಂದು ಅಪ್ಪನಿಗೆ ಹೇಳು. ಕಾಗದ ಓದಿದೆ ಎಂದೂ ಹೇಳು. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಸದ್ಯ ಏನೂ ಇಲ್ಲ.

ಹಿಂದೆ ಕೂರುವುದಾದರೆ ಅಂದಿನ ಹಾಗೆ ಮಡಿಲಲ್ಲಿ ಡಬ್ಬಿ, ಹೆಗಲಲ್ಲಿ ಏಣಿ ಹೊತ್ತು ಬರುವುದು ಬೇಡ. ಎರಡೂ ಕೈಯಲ್ಲಿ ನನ್ನನ್ನು ಹಿಡಿದುಕೊಳ್ಳಬೇಕಾಗುತ್ತದೆ.

ಅಣ್ಣ